ಕ್ಲಾಪ್ಟನ್ ಮೈದಾನದ ಒಂದು ಹಂಗಾಮು

(ವಿದ್ಯಾರ್ಥಿ ನಿಲಯದ ಗೆಳೆಯರ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ)



ಕವಿ ಬಂದಿದಾನೆ, ಒಂದೆರಡು ಕವಿತೆ ಓದಿ ಹೋಗ್ತಾನೆ ಅಂತ ನಿಮ್ಮಲ್ಲಿ ಕೆಲವರು ಅಂದುಕೊಂಡಿರಬಹುದು. ಇವತ್ತು ಕವಿತೆ ಇಲ್ಲ. ಇವತ್ತು ಫುಟ್‌ಬಾಲಿನ ಮಾತು. ಹಿಂದಿನ ಸಾಲಿನವರು ನಗ್ತಿದೀರಿ. ನಗಿ, ಆದರೆ ಕೇಳಿ.

ಹಾಸ್ಟೆಲ್ ಹುಡುಗರಿಗೆ ಆಟ ಯಾಕೆ, ಅಪ್ಪ ಅವ್ವ ಕೂಲಿ ಮಾಡಿ ಕಳಿಸಿರೋದು ಓದೋಕೆ ತಾನೆ ಅನ್ನೋರು ಬಹಳ ಜನ. ನಮ್ಮ ಹಿರಿಯರೂ ಹೇಳ್ತಾರೆ, ನಮ್ಮನ್ನು ಕಂಡರಾಗದವರೂ ಹೇಳ್ತಾರೆ. ಹಿರಿಯರು ಹೇಳೋದು ಭಯದಿಂದ, ಮಕ್ಕಳು ಎಲ್ಲಿ ಹಾದಿ ತಪ್ತಾರೋ ಅಂತ. ಅದು ನಮಗೆ ಅರ್ಥ ಆಗ್ತದೆ. ಇನ್ನೊಬ್ಬರು ಹೇಳೋದು ಬೇರೆ ಕಾರಣಕ್ಕೆ. ಮೈದಾನದಲ್ಲಿ ಹನ್ನೊಂದು ಜನ ಒಟ್ಟಿಗೆ ಬೆವರ್ತಾರೆ, ಒಂದೇ ಕೊಡದ ನೀರು ಕುಡೀತಾರೆ, ಗೋಲು ಬಿದ್ದಾಗ ಒಬ್ಬರನ್ನೊಬ್ಬರು ತಬ್ಬಿಕೊಳ್ತಾರೆ. ಅದನ್ನು ನೋಡೋಕೆ ಆಗದವರು ನಮ್ಮ ನಾಡಿನಲ್ಲಿ ಇನ್ನೂ ಇದಾರೆ.

ಅದಕ್ಕೇ ಒಂದು ಸಣ್ಣ ಕ್ಲಬ್ಬಿನ ಒಂದೇ ಒಂದು ಹಂಗಾಮಿನ ಕತೆ ತಂದಿದೀನಿ. ಊರು ಲಂಡನ್. ಕಾಲ 1908ರ ಅಕ್ಟೋಬರಿನಿಂದ 1909ರ ಏಪ್ರಿಲ್‌ವರೆಗೆ. ಆ ಏಳು ತಿಂಗಳಲ್ಲಿ ಅನಾಥಾಲಯದಲ್ಲಿ ಬೆಳೆದ 20 ವರ್ಷದ ಒಬ್ಬ ಕಪ್ಪು ಹುಡುಗ ಮೂರು ಪಂದ್ಯಾವಳಿಗಳ ಪದಕ ಗೆದ್ದ. ಅವನ ಹೆಸರು ವಾಲ್ಟರ್ ಟಲ್. ಕ್ಲಬ್ಬಿನ ಹೆಸರು ಕ್ಲಾಪ್ಟನ್. ಅವನು ಎಷ್ಟು ಚೆನ್ನಾಗಿ ಆಡಿದ ಅಂತ ಹೊಗಳೋಕೆ ನಾನು ಬಂದಿಲ್ಲ. ಅವನಿಗೆ ಬಾಗಿಲು ಹೇಗೆ ತೆರೆಯಿತು, ಆಮೇಲೆ ಎಲ್ಲಿ ಮುಚ್ಚಿತು, ಇದನ್ನು ನಾವು ಕೂತು ಯೋಚನೆ ಮಾಡಬೇಕು.

ಮೊದಲು ಆ ಕಾಲದ ಆಟದ ಲೋಕ ಹೇಗಿತ್ತು ಹೇಳ್ತೀನಿ. ಇಂಗ್ಲೆಂಡಿನ ಫುಟ್‌ಬಾಲ್ ಲೀಗ್ ಶುರುವಾದದ್ದು 1888ರಲ್ಲಿ, 12 ಕ್ಲಬ್ಬುಗಳಿಂದ. 1908ರ ಹೊತ್ತಿಗೆ ಅದು ಎರಡು ದರ್ಜೆಯಾಗಿ, ಒಂದೊಂದರಲ್ಲಿ 20ರಂತೆ 40 ಕ್ಲಬ್ಬುಗಳಾಗಿದ್ದವು. ದುಡ್ಡು, ಜನ, ಪತ್ರಿಕೆಯ ಸುದ್ದಿ ಎಲ್ಲ ಹೆಚ್ಚಾಗಿ ಅಲ್ಲಿ. ಈ ಬೇಲಿಯ ಆಚೆಗೆ ನೂರಾರು ಸಣ್ಣ ಕ್ಲಬ್ಬುಗಳು. ಬೀದಿಯವು, ಚರ್ಚಿನವು, ಕಾರ್ಖಾನೆಯವು. ಕ್ಲಾಪ್ಟನ್ ಅಂಥ ಬೇಲಿಯಾಚೆಯ ಕ್ಲಬ್ಬು. 1870ರ ದಶಕದ ಕೊನೆಗೆ ಹುಟ್ಟಿದ್ದು. 1888ರಲ್ಲಿ ಪೂರ್ವ ಲಂಡನ್ನಿನ ಫಾರೆಸ್ಟ್ ಗೇಟ್ ಅನ್ನೋ ಕಡೆ ಒಂದು ಹಳೆಯ ಹೆಂಡದಂಗಡಿಯ ಪಕ್ಕದ ಮೈದಾನಕ್ಕೆ ಬಂತು. ಆ ಅಂಗಡಿಯ ಹೆಸರೇ ಮೈದಾನಕ್ಕೂ ಬಿತ್ತು. ಓಲ್ಡ್ ಸ್ಪಾಟೆಡ್ ಡಾಗ್, ನಮ್ಮ ಮಾತಲ್ಲಿ ಹೇಳೋದಾದರೆ ಹಳೇ ಚುಕ್ಕೆನಾಯಿ. ಪೂರ್ವ ಲಂಡನ್ ಅಂದರೆ ಹಡಗುಕಟ್ಟೆಯ ಕೂಲಿಗಳ, ರೈಲ್ವೆ ಕೆಲಸಗಾರರ, ಬಡವರ ದಿಕ್ಕು. 

ಸಣ್ಣ ಕ್ಲಬ್ಬಾದರೂ ಕ್ಲಾಪ್ಟನ್‌ಗೆ ಹೆಸರಿತ್ತು. 1890ರಲ್ಲಿ ಬೆಲ್ಜಿಯಂಗೆ ಹೋಗಿ ಆಡಿ ಬಂದಿತ್ತು. ಸಮುದ್ರ ದಾಟಿ ಯುರೋಪಿನ ನೆಲದಲ್ಲಿ ಆಡಿದ ಮೊದಲ ಇಂಗ್ಲಿಷ್ ಕ್ಲಬ್ಬು ಅಂತ ಅದನ್ನು ಕರೀತಾರೆ. 1905ರಲ್ಲಿ ಹವ್ಯಾಸಿ ಕ್ಲಬ್ಬುಗಳು ಸೇರಿ ಇಸ್ತ್ಮಿಯನ್ ಲೀಗ್ ಅಂತ ಒಂದನ್ನು ಕಟ್ಟಿದಾಗ ಕ್ಲಾಪ್ಟನ್ ಅದರ ಮೊದಲ ಆರು ಕ್ಲಬ್ಬುಗಳಲ್ಲಿ ಒಂದು. ಆ ಲೀಗಿನಲ್ಲಿ ಗೆದ್ದವರಿಗೆ ಕಪ್ ಇಲ್ಲ, ಪದಕ ಇಲ್ಲ. ಅದರ ಧ್ಯೇಯವಾಕ್ಯ ಲ್ಯಾಟಿನ್ ಭಾಷೆಯದು. ಗೌರವವೇ ಸಾಕು ಅಂತ ಅದರ ಅರ್ಥ.

ಗೌರವವೇ ಸಾಕು. ಕೇಳೋಕೆ ಬಹಳ ಚೆನ್ನಾಗಿದೆ. ಆದರೆ ಯಾರಿಗೆ ಸಾಕು? ಹೊಟ್ಟೆ ತುಂಬಿದವನಿಗೆ ಸಾಕು. ಇಲ್ಲಿ ಸ್ವಲ್ಪ ನಿಲ್ಲೋಣ, ಯಾಕಂದರೆ ಹವ್ಯಾಸಿ ಅನ್ನೋ ಈ ಮಾತಿನ ಹೊಟ್ಟೆಯೊಳಗೆ ಒಂದು ದೊಡ್ಡ ಜಗಳ ಇದೆ.

ಇಂಗ್ಲೆಂಡಿನಲ್ಲಿ ಈ ಆಟಕ್ಕೆ ನಿಯಮ ಬರೆದವರು ದೊಡ್ಡ ಶಾಲೆಗಳಲ್ಲಿ ಓದಿದ ಸಾಹುಕಾರರ ಮಕ್ಕಳು. ಆದರೆ ಆಟ ಅವರ ಕೈಯಲ್ಲೇ ಉಳೀಲಿಲ್ಲ. 1850ರ ಕಾರ್ಖಾನೆ ಕಾಯಿದೆ ಬಟ್ಟೆ ಗಿರಣಿಗಳು ಶನಿವಾರ ಮಧ್ಯಾಹ್ನ 2 ಗಂಟೆಗೆ ನಿಲ್ಲಬೇಕು ಅಂತ ಮಾಡಿತು. ಬೇರೆ ಕಸುಬುಗಳಿಗೂ ಈ ಅರ್ಧ ರಜೆ ನಿಧಾನವಾಗಿ ಹಬ್ಬಿತು. ದುಡಿಯುವವನ ಕೈಗೆ ವಾರದಲ್ಲಿ ಒಂದು ಮಧ್ಯಾಹ್ನ ಬಂತು. ಆ ಮಧ್ಯಾಹ್ನವನ್ನು ಅವನು ಫುಟ್‌ಬಾಲಿನಿಂದ ತುಂಬಿಸಿದ. ಇವತ್ತಿಗೂ ಅಲ್ಲಿ ಶನಿವಾರ ಮಧ್ಯಾಹ್ನ 3 ಗಂಟೆಗೆ ಪಂದ್ಯ ಶುರು ಆಗೋದಕ್ಕೆ ಇದೇ ಬೇರು. ಆಟ ಬೆಳೆದದ್ದು ಪ್ರತಿಭೆ ಇದ್ದಕ್ಕಿದ್ದಂತೆ ಉಕ್ಕಿದ್ದರಿಂದ ಅಲ್ಲ ಗೆಳೆಯರೇ, ಕಾಯಿದೆ ಕೊಟ್ಟ ಬಿಡುವಿನಿಂದ. ಈ ಮಾತನ್ನು ತಲೆಯಲ್ಲಿಟ್ಟುಕೊಳ್ಳಿ.

ಕೂಲಿಯವರು ಆಡೋಕೆ ಬಂದಾಗ ಒಂದು ತೊಡಕು ಬಂತು. ದೂರದ ಊರಿಗೆ ಆಡೋಕೆ ಹೋದರೆ ಅವತ್ತಿನ ಕೂಲಿ ಹೋಗ್ತದೆ. ಆ ಕೂಲಿ ಯಾರು ಕೊಡಬೇಕು? ಕ್ಲಬ್ಬು ಕೊಡಲಿ ಅಂದರು ಇವರು. ದುಡ್ಡು ಮುಟ್ಟಿದರೆ ಆಟ ಕೆಡ್ತದೆ ಅಂದರು ಅವರು. ಮುಟ್ಟಿದರೆ ಕೆಡೋದು! ಈ ಮಾತು ನಮಗೆ ಹೊಸದೇನಲ್ಲ. 1885ರಲ್ಲಿ ಸಂಬಳಕ್ಕೆ ಆಡೋದನ್ನು ಫುಟ್‌ಬಾಲ್ ಸಂಸ್ಥೆ ಒಪ್ಪಿಕೊಳ್ಳಲೇಬೇಕಾಯಿತು. ಒಪ್ಪಿದ ಮೇಲೂ ಮನಸ್ಸು ಒಪ್ಪಲಿಲ್ಲ. ಆ ದಶಕದಲ್ಲಿ ಜೇಮ್ಸ್ ಫಾರೆಸ್ಟ್ ಅನ್ನೋ ಸಂಬಳದ ಆಟಗಾರ ಇಂಗ್ಲೆಂಡಿನ ತಂಡಕ್ಕೆ ಆಡಿದಾಗ ಉಳಿದ ಹತ್ತು ಜನ ಬಿಳಿ ಅಂಗಿಯಲ್ಲಿದ್ದರು, ಅವನಿಗೆ ಮಾತ್ರ ನೀಲಿ ಅಂಗಿ ತೊಡಿಸಿದ್ದರು. ಒಂದೇ ತಂಡ, ಒಂದೇ ಚೆಂಡು, ಅಂಗಿ ಮಾತ್ರ ಬೇರೆ. ನಮ್ಮೂರ ಹೋಟೆಲಿನಲ್ಲಿ ಬೇರೆ ಲೋಟ ಇಟ್ಟಿದ್ದನ್ನು ಕಂಡವರಿಗೆ ಈ ನೀಲಿ ಅಂಗಿಯ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

1907ರಲ್ಲಿ ಈ ಜಗಳ ಮತ್ತೆ ಎದ್ದಿತು. ಜಿಲ್ಲಾ ಸಂಘಗಳು ಸಂಬಳದ ಕ್ಲಬ್ಬುಗಳನ್ನೂ ಒಳಗೆ ಸೇರಿಸಿಕೊಳ್ಳಬೇಕು ಅಂತ ಫುಟ್‌ಬಾಲ್ ಸಂಸ್ಥೆ ಹೇಳಿತು. ದೊಡ್ಡ ಶಾಲೆಗಳ ಹಳೆಯ ವಿದ್ಯಾರ್ಥಿಗಳ ಕ್ಲಬ್ಬುಗಳು, ಅವರ ಗೆಳೆಯರು, ಅದು ಆಗೋದಿಲ್ಲ ಅಂತ ಹೊರಗೆ ಹೋಗಿ ತಮ್ಮದೇ ಬೇರೆ ಸಂಘ ಕಟ್ಟಿಕೊಂಡರು. ಈ ಒಡಕು 1914ರವರೆಗೆ ನಡೆಯಿತು. ಕ್ಲಾಪ್ಟನ್ ಹವ್ಯಾಸಿ ಕ್ಲಬ್ಬೇ ಆಗಿದ್ದರೂ ಅವರ ಜೊತೆ ಹೋಗಲಿಲ್ಲ. ಹಳೆಯ ಸಂಸ್ಥೆಯಲ್ಲೇ, ಎಲ್ಲರ ಜೊತೆಯಲ್ಲೇ ಉಳಿಯಿತು. ನಮ್ಮ ಕತೆಯ ಹಂಗಾಮು ಬರೋದು ಈ ಒಡಕಿನ ನಡುವೆ.

ಈಗ ಆ ಹುಡುಗನ ಮಾತು.

ಅವನ ತಾತ ಬಾರ್ಬಡೋಸ್ ದ್ವೀಪದ ಕಬ್ಬಿನ ತೋಟದ ಗುಲಾಮಗಿರಿಯನ್ನು ಅನುಭವಿಸಿದವನು. ಅಪ್ಪ ಡೇನಿಯಲ್ ಬಡಗಿ. 1876ರಲ್ಲಿ ಸಮುದ್ರ ದಾಟಿ ಇಂಗ್ಲೆಂಡಿಗೆ ಬಂದು ಫೋಕ್‌ಸ್ಟನ್ ಅನ್ನೋ ಕಡಲತೀರದ ಊರಿನಲ್ಲಿ ಅಲ್ಲಿಯ ಬಿಳಿ ಹೆಣ್ಣುಮಗಳೊಬ್ಬಳನ್ನು ಮದುವೆಯಾದ. ವಾಲ್ಟರ್ ಹುಟ್ಟಿದ್ದು 1888ರ ಏಪ್ರಿಲ್ 28. ಲೀಗ್ ಹುಟ್ಟಿದ ವರ್ಷ, ಚುಕ್ಕೆನಾಯಿ ಮೈದಾನಕ್ಕೆ ಕ್ಲಾಪ್ಟನ್ ಬಂದ ವರ್ಷ. 1895ರಲ್ಲಿ ಅವ್ವ ತೀರಿಕೊಂಡಳು. 1897ರಲ್ಲಿ ಅಪ್ಪ. ಮನೆ ತುಂಬ ಮಕ್ಕಳು. ಚಿಕ್ಕಮ್ಮನ ಕೈಲಿ ಸಾಗಲಿಲ್ಲ. 1898ರ ಫೆಬ್ರವರಿಯಲ್ಲಿ ವಾಲ್ಟರನ್ನೂ ಅವನ ಅಣ್ಣ ಎಡ್ವರ್ಡನ್ನೂ ಲಂಡನ್ನಿನ ಬೆಥ್ನಲ್ ಗ್ರೀನ್‌ನಲ್ಲಿದ್ದ ಮೆಥಡಿಸ್ಟರ ಅನಾಥಾಲಯಕ್ಕೆ ಸೇರಿಸಿದರು. ವಾಲ್ಟರಿಗೆ ಇನ್ನೂ ಹತ್ತು ತುಂಬಿರಲಿಲ್ಲ.

ಎರಡು ವರ್ಷಕ್ಕೆ ಅಣ್ಣನೂ ಹೋದ. ಗ್ಲಾಸ್ಗೋ ನಗರದ ಒಂದು ಕುಟುಂಬ ಅವನನ್ನು ದತ್ತು ತಗೊಂಡಿತು. ಮುಂದೆ ಆ ಎಡ್ವರ್ಡ್ ಓದಿ ದಂತವೈದ್ಯನಾದ. ವಾಲ್ಟರ್ ಒಬ್ಬನೇ ಅನಾಥಾಲಯದಲ್ಲಿ ಉಳಿದ. ನಿಮ್ಮಲ್ಲಿ ಎಷ್ಟು ಜನ ಐದನೇ ಕ್ಲಾಸಿಗೇ ಹಾಸ್ಟೆಲ್ಲಿಗೆ ಬಂದವರು? ಟ್ರಂಕಿನ ಮೇಲೆ ಕೂತು ಅವ್ವ ಹೋದ ದಾರಿ ನೋಡಿದವರು? ಹಾಗಾದರೆ ಆ ಒಂಟಿತನ ನಿಮಗೆ ಗೊತ್ತು.

ಆ ಅನಾಥಾಲಯ ಮಕ್ಕಳಿಗೆ ಒಂದೊಂದು ಕಸುಬು ಕಲಿಸ್ತಿತ್ತು. ವಾಲ್ಟರ್ ಕಲಿತದ್ದು ಅಚ್ಚಿನ ಕೆಲಸ. ಮೊಳೆ ಜೋಡಿಸೋದು, ಶಾಯಿ ಹಚ್ಚೋದು, ಹಾಳೆ ಎತ್ತೋದು. ನಮ್ಮ ಈ ಪತ್ರಿಕೆಯ ಸ್ಟೆನ್ಸಿಲ್ ಕೊರೆಯೋ ಗೆಳೆಯರು ಅವನನ್ನು ತಮ್ಮವನು ಅಂದುಕೊಳ್ಳಬಹುದು. ಜೊತೆಗೆ ಅಲ್ಲಿ ಹುಡುಗರ ಫುಟ್‌ಬಾಲ್ ತಂಡ ಒಂದಿತ್ತು. ಅದರಲ್ಲಿ ಅವನು ಹಿಂದೆ ನಿಂತು, ಎಡಗಡೆಯ ಫುಲ್‌ಬ್ಯಾಕ್ ಆಗಿ ಆಡ್ತಿದ್ದ.

1908ರ ಅಕ್ಟೋಬರಿನಲ್ಲಿ ಕ್ಲಾಪ್ಟನ್ ಕ್ಲಬ್ಬು ಅವನನ್ನು ಆಡಿಸಿ ನೋಡಿತು. ಕ್ರಿಸ್‌ಮಸ್ಸಿನ ಹೊತ್ತಿಗೆ ಅವನು ಮೊದಲ ತಂಡದಲ್ಲಿದ್ದ. ಹಿಂದೆ ಆಡ್ತಿದ್ದವನು ಮುಂದಕ್ಕೆ ಬಂದು ಫಾರ್ವರ್ಡ್ ಸಾಲಿನಲ್ಲಿ ಒಳಗಿನ ಜಾಗ ಹಿಡಿದ. ಅವನದು ಓಟದ ಆಟ ಅಲ್ಲ, ತಲೆಯ ಆಟ. ಚೆಂಡನ್ನು ಕಾಲಲ್ಲಿ ಹಿಡಿದು, ತಲೆ ಎತ್ತಿ ನೋಡಿ, ಯಾರಿಗೆ ಕೊಡಬೇಕೋ ಅವರಿಗೆ ಕೊಡೋ ಆಟ. 

ಕಪ್ ಪಂದ್ಯ ಅಂದರೆ ಹೇಗೆ ಗೊತ್ತಲ್ಲ? ಸೋತರೆ ಅವತ್ತೇ ಮನೆಗೆ. ಎರಡನೇ ಅವಕಾಶ ಇಲ್ಲ. ಅಂಥ ಮೂರು ಪಂದ್ಯಾವಳಿಗಳನ್ನು ಕ್ಲಾಪ್ಟನ್ ಒಂದೇ ಹಂಗಾಮಿನಲ್ಲಿ ಗೆದ್ದಿತು. ಲಂಡನ್ ಸೀನಿಯರ್ ಕಪ್ ಒಂದು. ಲಂಡನ್ ಕೌಂಟಿ ಅಮೆಚೂರ್ ಕಪ್ ಎರಡು. ಮೂರನೆಯದು ಇಡೀ ಇಂಗ್ಲೆಂಡಿನ ಹವ್ಯಾಸಿ ಕ್ಲಬ್ಬುಗಳು ಆಸೆಪಡೋ ಎಫ್.ಎ. ಅಮೆಚೂರ್ ಕಪ್. ಅದನ್ನು ಕ್ಲಾಪ್ಟನ್ 1907ರಲ್ಲಿ ಒಮ್ಮೆ ಗೆದ್ದಿತ್ತು, ಈಗ 1909ರಲ್ಲಿ ಮತ್ತೆ. 1909ರ ಮಾರ್ಚಿಯಲ್ಲಿ, ಹಂಗಾಮು ಮುಗಿಯೋ ಮೊದಲೇ, ಫುಟ್‌ಬಾಲ್ ಸ್ಟಾರ್ ಅನ್ನೋ ಪತ್ರಿಕೆ ಈ ವರ್ಷ ಯಾವುದೇ ಕ್ಲಬ್ಬಿನ ಬಲೆಗೆ ಬಿದ್ದ ಒಳ್ಳೆಯ ಮೀನು ಇವನೇ ಅನ್ನೋ ಅರ್ಥದಲ್ಲಿ ಬರೆಯಿತು.

ಅಮೆಚೂರ್ ಕಪ್ಪಿನ ಫೈನಲ್ ನಡೆದದ್ದು ಏಪ್ರಿಲ್‌ನಲ್ಲಿ, ಕ್ಲಾಪ್ಟನ್‌ಗೆ ಹತ್ತಿರದ ಇಲ್ಫರ್ಡ್‌ನಲ್ಲಿ. ಎದುರಿಗೆ ಬಂದದ್ದು ಎಸ್ಟನ್ ಯುನೈಟೆಡ್. ಎಸ್ಟನ್ ಅಂದರೆ ದೂರದ ಉತ್ತರದ ಯಾರ್ಕ್‌ಷೈರಿನ ಅಂಚಿನ ಊರು. ಅದರ ಬೆಟ್ಟದಲ್ಲಿ 1850ರಲ್ಲಿ ಕಬ್ಬಿಣದ ಅದಿರು ಸಿಕ್ಕಿ, ಗಣಿಯ ಸುತ್ತ ಬೆಳೆದ ಊರು. ಅಲ್ಲಿಂದ ಇಲ್ಲಿಗೆ ರೈಲಿನಲ್ಲಿ ಬಂದವರಿಗೆ ಆರು ಗೋಲು ಬಿದ್ದವು. ಅವರಿಗೆ ಒಂದೂ ಸಿಗಲಿಲ್ಲ. 6-0. ನಾವು ಗೆದ್ದವರ ಕತೆ ಹೇಳ್ತಿದೀವಿ, ಆದರೆ ಅವತ್ತು ರಾತ್ರಿ ಬರಿಗೈಲಿ ಗಣಿಯ ಊರಿಗೆ ಹಿಂದಿರುಗಿದ ಆ ಹನ್ನೊಂದು ಜನರನ್ನೂ ಒಂದು ಗಳಿಗೆ ನೆನೆಯೋಣ. ಫೈನಲ್‌ವರೆಗೆ ಬರೋದು ಸುಲಭದ ಮಾತಲ್ಲ.

ಅಕ್ಟೋಬರಿನಲ್ಲಿ ಯಾರಿಗೂ ಗೊತ್ತಿಲ್ಲದ ಹುಡುಗ. ಏಪ್ರಿಲ್‌ಗೆ ಮೂರು ಪದಕ. ಇದು ಪವಾಡವಾ? ಪ್ರತಿಭೆ ಇದ್ದರೆ ಯಾರೂ ತಡೆಯೋಕೆ ಆಗಲ್ಲ ಅಂತ ಭಾಷಣ ಮಾಡೋರು ಈ ಕತೆಯನ್ನು ಹಾಗೇ ಹೇಳ್ತಾರೆ. ಕೇಳಿದ ನಾವು ಚಪ್ಪಾಳೆ ತಟ್ಟಿ ಮನೆಗೆ ಹೋಗ್ತೀವಿ. ಮಾರನೇ ದಿನ ನಮಗೆ ಏನೂ ಸಿಗದಿದ್ದಾಗ, ನಮ್ಮಲ್ಲಿ ಪ್ರತಿಭೆ ಇಲ್ಲವೇನೋ ಅಂತ ನಾವೇ ಕುಗ್ತೀವಿ. ಈ ಮೋಸ ನಮಗೆ ಸಾಕು.

ಅವನಿಗೆ ಏನೇನು ಸಿಕ್ಕಿತ್ತು ಎಣಿಸಿ ನೋಡಿ. ಅನಾಥಾಲಯದಲ್ಲಿ ಒಂದು ತಂಡ ಇತ್ತು, ಚೆಂಡು ಇತ್ತು. ಕೈಯಲ್ಲಿ ಕಸುಬು ಇತ್ತು, ಹಾಗಾಗಿ ಗೌರವವೇ ಸಾಕು ಅನ್ನೋ ಕ್ಲಬ್ಬಿನಲ್ಲಿ ಸಂಬಳ ಇಲ್ಲದೆ ಆಡೋಕೆ ಆಯಿತು. ಶನಿವಾರದ ಮಧ್ಯಾಹ್ನ ಇತ್ತು. ಅದನ್ನು ಅವನಿಗಿಂತ ಹಿಂದಿನ ತಲೆಮಾರಿನ ದುಡಿಯುವ ಜನ ಪಡೆದುಕೊಂಡಿದ್ದರು. ಕೊನೆಗೆ, ಬಾ ಆಡಿ ತೋರಿಸು ಅಂತ ಕರೆದ ಒಂದು ಕ್ಲಬ್ಬು ಇತ್ತು. ಇವುಗಳಲ್ಲಿ ಒಂದು ತಪ್ಪಿದ್ದರೂ ಅವನು ಅಚ್ಚುಮನೆಯ ಮೂಲೆಯಲ್ಲಿ ಮೊಳೆ ಜೋಡಿಸ್ತಾ ಉಳೀತಿದ್ದ. ಅವನ ಕಾಲು ಅದೇ ಕಾಲಾಗಿರ್ತಿತ್ತು, ಅವನ ಆಟ ಅದೇ ಆಟವಾಗಿರ್ತಿತ್ತು, ನಮಗೆ ಮಾತ್ರ ಅವನ ಹೆಸರೇ ಗೊತ್ತಾಗ್ತಿರಲಿಲ್ಲ.

ನಾನು ಓದಿದ ಕಡೆ ಒಂದು ಕ್ರಮ ಇತ್ತು. ತಂಡಕ್ಕೆ ಹುಡುಗರನ್ನು ಆರಿಸೋ ಹೊತ್ತು ಸಂಜೆ 6 ಗಂಟೆ. ಹಾಸ್ಟೆಲ್ಲಿನ ಹಾಜರಿಯ ಹೊತ್ತೂ ಸಂಜೆ 6 ಗಂಟೆ. ಹಾಜರಿ ತಪ್ಪಿದರೆ ರಾತ್ರಿ ಊಟ ಇಲ್ಲ. ನೀವು ಬರಬೇಡಿ ಅಂತ ಯಾರೂ ನಮಗೆ ಹೇಳಲಿಲ್ಲ. ಎರಡು ಗಡಿಯಾರ ಸೇರಿ ಹೇಳಿದವು. ಮೂರು ವರ್ಷವೂ ಆ ತಂಡದಲ್ಲಿ ಹಾಸ್ಟೆಲ್ಲಿನ ಒಬ್ಬ ಹುಡುಗನೂ ಇರಲಿಲ್ಲ. ಆಮೇಲೆ ಮಾತು ಹುಟ್ಟಿತು, ಹಾಸ್ಟೆಲ್ಲಿನವರಿಗೆ ಆಟದಲ್ಲಿ ಆಸಕ್ತಿ ಇಲ್ಲ ಅಂತ!

ಸರಿ, ಹಂಗಾಮು ಮುಗಿಯಿತು. ಮುಂದೇನಾಯಿತು?

1909ರಲ್ಲಿ ಟಾಟನ್‌ಹ್ಯಾಮ್ ಹಾಟ್‌ಸ್ಪರ್ ಅನ್ನೋ ದೊಡ್ಡ ಕ್ಲಬ್ಬು ಅವನನ್ನು ಕರೆಯಿತು. ಅದು ಆಗ ತಾನೇ ಲೀಗಿನ ಮೊದಲ ದರ್ಜೆಗೆ ಏರಿತ್ತು. ಅವರ ಜೊತೆ ಅರ್ಜೆಂಟೀನಾ, ಉರುಗ್ವೆಗಳಿಗೆ ಹೋಗಿ ಆಡಿ ಬಂದ. ಆಮೇಲೆ ಸಂಬಳದ ಆಟಗಾರನಾಗಿ ಸಹಿ ಹಾಕಿದ. ಆಗಿನ ನಿಯಮದ ಪ್ರಕಾರ ಸಹಿಗೆ ಹೆಚ್ಚೆಂದರೆ 10 ಪೌಂಡು, ವಾರದ ಸಂಬಳ ಹೆಚ್ಚೆಂದರೆ 4 ಪೌಂಡು. ಗೌರವವನ್ನು ಮಾರಿಕೊಂಡ ಅಂತ ಯಾರಾದರೂ ಅಂದರೆ ಅವರು ಅನಾಥಾಲಯದಲ್ಲಿ ಬೆಳೆದವರಲ್ಲ ಅಂತ ತಿಳೀಬೇಕು. ದುಡಿಮೆಗೆ ಕೂಲಿ ಕೇಳೋದೇ ಗೌರವ.

ಸೆಪ್ಟೆಂಬರಿನಲ್ಲಿ ಸಾವಿರಾರು ಜನರ ಮುಂದೆ ಮೊದಲ ದರ್ಜೆಯ ಆಟ ಆಡಿದ. ಪತ್ರಿಕೆಗಳು ಮೆಚ್ಚಿದವು. 1909ರ ಅಕ್ಟೋಬರ್ 9ರಂದು ತಂಡ ಬ್ರಿಸ್ಟಲ್ ನಗರಕ್ಕೆ ಹೋಯಿತು. ಬ್ರಿಸ್ಟಲ್ ಒಂದು ಕಾಲಕ್ಕೆ ಗುಲಾಮರ ವ್ಯಾಪಾರದ ಹಡಗುಗಳು ಹೊರಡ್ತಿದ್ದ ಬಂದರು. ಅಲ್ಲಿ ನೋಡೋಕೆ ಬಂದ ಜನರಲ್ಲಿ ಒಂದು ಗುಂಪು ಅವನ ಬಣ್ಣ ಹಿಡಿದು ಬೈಯೋಕೆ ಶುರು ಮಾಡಿತು. ಆ ಬೈಗುಳ ಎಂಥದು ಅಂತ ನಾನು ಹೇಳಬೇಕಾಗಿಲ್ಲ. ನೀವು ನಿಮ್ಮೂರ ಬೀದಿಯಲ್ಲಿ ಕೇಳಿದ್ದನ್ನೇ ಇಂಗ್ಲಿಷಿಗೆ ಮಾಡಿಕೊಳ್ಳಿ. ವಾಲ್ಟರ್ ಆಡ್ತಾ ಹೋದ. ಅಲ್ಲಿದ್ದ ಫುಟ್‌ಬಾಲ್ ಸ್ಟಾರ್ ಪತ್ರಿಕೆಯ ವರದಿಗಾರ ಬೈದವರನ್ನೇ ಛೀಮಾರಿ ಹಾಕಿ ಬರೆದ. ಅವತ್ತು ಮೈದಾನದಲ್ಲಿದ್ದ ಫಾರ್ವರ್ಡ್‌ಗಳಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಡಿದವನು ಅವನೇ ಅಂತಲೂ ಬರೆದ.

ಆಮೇಲೆ? ಆಮೇಲೆ ಅವನನ್ನು ಎರಡನೇ ತಂಡಕ್ಕೆ ಇಳಿಸಿದರು. ಟಾಟನ್‌ಹ್ಯಾಮ್‌ನ ಮೊದಲ ತಂಡಕ್ಕೆ ಅವನು ಆಡಿದ ಲೀಗ್ ಪಂದ್ಯಗಳು ಒಟ್ಟು 10. ಗೋಲು 2. ಅಷ್ಟೇ.

ಈಗ ಎರಡು ಅಕ್ಟೋಬರ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 1908ರ ಅಕ್ಟೋಬರಿನಲ್ಲಿ ಒಂದು ಬಾಗಿಲು ತೆರೆಯಿತು. 1909ರ ಅಕ್ಟೋಬರಿನಲ್ಲಿ ಒಂದು ಬಾಗಿಲು ಮುಚ್ಚೋಕೆ ಶುರುವಾಯಿತು. ನಡುವೆ ಒಂದೇ ವರ್ಷ. ಅದೇ ಹುಡುಗ, ಅದೇ ಕಾಲು, ಅದೇ ಎತ್ತಿದ ತಲೆ. ಅವನ ಯೋಗ್ಯತೆ ಒಂದು ವರ್ಷದಲ್ಲಿ ಎಲ್ಲಿಗೆ ಹೋಯಿತು? ಎಲ್ಲಿಗೂ ಹೋಗಿರಲಿಲ್ಲ. ಯೋಗ್ಯತೆ ಯೋಗ್ಯತೆ ಅಂತ ನಮ್ಮ ಮುಖಕ್ಕೆ ದಿನಾ ಎಸೀತಾರಲ್ಲ, ಅವರಿಗೆ ನಾವು ಈ ಎರಡು ಅಕ್ಟೋಬರಿನ ಲೆಕ್ಕ ಕೇಳಬೇಕು.

ಇದು ಬಿಳಿಯರ ನಾಡಿನ ಮಾತು, ನಮ್ಮಲ್ಲಿ ಆಟಕ್ಕೆ ಜಾತಿ ಇಲ್ಲ ಅನ್ನೋರಿಗೆ ಅದೇ ವರ್ಷಗಳ ಇನ್ನೊಂದು ಮಾತು ಹೇಳ್ತೀನಿ. ನಮ್ಮ ಧಾರವಾಡದಲ್ಲಿ ಹುಟ್ಟಿದ ಪಾಲ್ವಂಕರ್ ಬಾಲೂ, ಚಮ್ಮಾರರ ಮಗ, ಎಡಗೈ ಬೌಲರ್. ಪುಣೆಯಲ್ಲಿ ಹಿಂದೂಗಳ ತಂಡ ಗೆಲ್ಲಬೇಕಾದರೆ ಅವನ ಕೈ ಬೇಕಿತ್ತು. ಮೈದಾನದಲ್ಲಿ ಅವನು ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟಿದರು. ಚಹದ ಹೊತ್ತಿಗೆ ಮಾತ್ರ ಅವನಿಗೆ ಪೆವಿಲಿಯನ್ನಿನ ಹೊರಗೆ ಮಣ್ಣಿನ ಕುಡಿಕೆಯಲ್ಲಿ ಚಹ. 1911ರಲ್ಲಿ ಭಾರತದ ತಂಡ ಇಂಗ್ಲೆಂಡಿಗೆ ಹೋದಾಗ ಅವನೊಬ್ಬನೇ ನೂರಕ್ಕೂ ಹೆಚ್ಚು ವಿಕೆಟ್ ತೆಗೆದ. ಆದರೂ ಹಿಂದೂ ತಂಡದ ನಾಯಕತ್ವ ಅವನಿಗೆ ಕೊಡಲಿಲ್ಲ. ಆ ಕುಟುಂಬಕ್ಕೆ ನಾಯಕತ್ವ ಬಂದದ್ದು 1923ರಲ್ಲಿ, ತಮ್ಮ ವಿಠ್ಠಲನ ಕಾಲಕ್ಕೆ, ಬಹಳ ಜಗಳ ಆದ ಮೇಲೆ. ಲಂಡನ್ನಿನ ಅಚ್ಚುಕೆಲಸದ ಹುಡುಗನೂ ಧಾರವಾಡದಲ್ಲಿ ಹುಟ್ಟಿದ ಬೌಲರನೂ ಒಂದೇ ಕಾಲದವರು. ಇಬ್ಬರಿಗೂ ಮೈದಾನದ ಗೆರೆಯೊಳಗೆ ಜಾಗ ಸಿಕ್ಕಿತು, ಗೆರೆ ದಾಟಿದ ಕೂಡಲೆ ಅವರವರ ಜಾಗ ತೋರಿಸಿದರು.

ವಾಲ್ಟರ್ ಅಲ್ಲಿಗೆ ಮುರಿದು ಬೀಳಲಿಲ್ಲ. 1911ರ ಅಕ್ಟೋಬರಿನಲ್ಲಿ ನಾರ್ಥಾಂಪ್ಟನ್ ಟೌನ್ ಕ್ಲಬ್ಬು ಅವನನ್ನು ಕರೆಸಿಕೊಂಡಿತು. ಅದೂ ಆಗ ಲೀಗಿನ ಬೇಲಿಯಾಚೆಯದೇ, ಸದರ್ನ್ ಲೀಗಿನ ಕ್ಲಬ್ಬು. ಕರೆದ ಮ್ಯಾನೇಜರ್ ಹರ್ಬರ್ಟ್ ಚಾಪ್‌ಮನ್, ಮುಂದೆ ಆರ್ಸೆನಲ್ ಕ್ಲಬ್ಬನ್ನು ದೊಡ್ಡದು ಮಾಡಿದವನು. ಅಲ್ಲಿ ವಾಲ್ಟರ್ 111 ಪಂದ್ಯ ಆಡಿದ. ದೊಡ್ಡ ಕ್ಲಬ್ಬಿನಲ್ಲಿ 10, ಸಣ್ಣ ಕ್ಲಬ್ಬಿನಲ್ಲಿ 111. 

ಆಮೇಲೆ ಮೊದಲ ಮಹಾಯುದ್ಧ. 1914ರ ಡಿಸೆಂಬರಿನಲ್ಲಿ ಫುಟ್‌ಬಾಲ್ ಆಟಗಾರರದೇ ಒಂದು ದಳಕ್ಕೆ ಸೇರಿದ. ಸೈನ್ಯದ ಅಧಿಕಾರಿಯಾಗುವವನು ಶುದ್ಧ ಯುರೋಪಿಯನ್ ಮೂಲದವನಾಗಿರಬೇಕು ಅಂತ ಆಗ ನಿಯಮ ಇತ್ತು. ಆ ನಿಯಮ ಪುಸ್ತಕದಲ್ಲಿ ಇರುವಾಗಲೇ 1917ರ ಮೇ 30ರಂದು ಅವನು ಸೆಕೆಂಡ್ ಲೆಫ್ಟಿನೆಂಟ್ ಆದ. ಬ್ರಿಟಿಷ್ ಸೈನ್ಯದಲ್ಲಿ ಬಿಳಿಯರಿಗೆ ಹುಕುಂ ಕೊಟ್ಟ ಮೊದಮೊದಲ ಕಪ್ಪು ಅಧಿಕಾರಿಗಳಲ್ಲಿ ಅವನೊಬ್ಬ. 1918ರ ಮಾರ್ಚ್ 25ರಂದು ಫ್ರಾನ್ಸಿನ ನೆಲದಲ್ಲಿ ಗುಂಡು ತಾಗಿ ಸತ್ತ. 29 ವರ್ಷ. ಅವನ ಕೈಕೆಳಗಿನ ಬಿಳಿಯ ಸಿಪಾಯಿಗಳು ಗುಂಡಿನ ಮಳೆಯಲ್ಲಿ ಅವನ ದೇಹ ತರೋಕೆ ನೋಡಿದರು, ಆಗಲಿಲ್ಲ. ದೇಹ ಸಿಗಲೇ ಇಲ್ಲ. ಯಾವನ ಸಾಮ್ರಾಜ್ಯಕ್ಕೆ ಯಾರ ಪ್ರಾಣ, ಅದು ಬೇರೆ ದಿನದ ಚರ್ಚೆ.

ಸತ್ತ ಮೇಲೆ ಅವನನ್ನು ಮರೆತರು. ಎಪ್ಪತ್ತು, ಎಂಬತ್ತು ವರ್ಷ. 1990ರ ದಶಕದಲ್ಲಿ ಫಿಲ್ ವಾಸಿಲಿ ಅನ್ನೋ ಇತಿಹಾಸಕಾರ ಹಳೆಯ ಪತ್ರಿಕೆ, ಹಳೆಯ ದಾಖಲೆ ಕೆದಕಿ ಅವನನ್ನು ಮತ್ತೆ ಹೊರಗೆ ತೆಗೆದ. 1999ರಲ್ಲಿ ನಾರ್ಥಾಂಪ್ಟನ್ ಮೈದಾನದ ಹತ್ತಿರ ಸ್ಮಾರಕ ಎದ್ದಿತು. ಹೇಗೆ ಸಾಧ್ಯವಾಯಿತು? ಅನಾಥಾಲಯದಲ್ಲಿ ಯಾರೋ ಹಾಜರಿ ಬರೆದಿಟ್ಟಿದ್ದರು. ತಂಡದ ಫೋಟೋ ಯಾರೋ ತೆಗೆದಿಟ್ಟಿದ್ದರು. ವರದಿಗಾರ ಬ್ರಿಸ್ಟಲ್‌ನಲ್ಲಿ ಕಂಡದ್ದನ್ನು ಬರೆದಿದ್ದ. ಬರೆದಿಡದಿದ್ದರೆ ಅವನು ಎರಡನೇ ಸಲ ಸಾಯ್ತಿದ್ದ.

ಕ್ಲಾಪ್ಟನ್ ಏನಾಯಿತು ಅಂತಲೂ ಹೇಳಿ ಮುಗಿಸ್ತೀನಿ. ಅಮೆಚೂರ್ ಕಪ್ಪನ್ನು ಆ ಕ್ಲಬ್ಬು 1915, 1924, 1925ರಲ್ಲೂ ಗೆದ್ದಿತು. ಒಟ್ಟು ಐದು ಸಲ. 1974ರಲ್ಲಿ ಹವ್ಯಾಸಿ, ವೃತ್ತಿಪರ ಅನ್ನೋ ಭೇದವನ್ನೇ ಫುಟ್‌ಬಾಲ್ ಸಂಸ್ಥೆ ತೆಗೆದುಹಾಕಿತು. ಕಪ್ ಕೂಡ ನಿಂತುಹೋಯಿತು. ಅಷ್ಟು ವರ್ಷ ಕಾಯ್ದುಕೊಂಡು ಬಂದ ಮಡಿ ಒಂದು ದಿನ ಕಾಗದದ ಮೇಲೆ ಅಳಿದುಹೋಯಿತು, ಆಟಕ್ಕೆ ಏನೂ ಕೆಡಲಿಲ್ಲ. ಕ್ಲಬ್ಬು ಕಾಲಕಾಲಕ್ಕೆ ಕೆಳಗಿಳಿಯಿತು, ಮೈದಾನ ಹಾಳಾಯಿತು. ಕ್ಲಬ್ಬನ್ನು ನಡೆಸುವವರಿಗೂ ನೋಡೋಕೆ ಬರುವ ಜನಕ್ಕೂ ವರ್ಷಗಟ್ಟಲೆ ಜಗಳ ಆಗಿ, 2018ರಲ್ಲಿ ಜನ ತಾವೇ ಕ್ಲಾಪ್ಟನ್ ಕಮ್ಯುನಿಟಿ ಅಂತ ಹೊಸ ಕ್ಲಬ್ಬು ಕಟ್ಟಿದರು. ಅಲ್ಲಿ ಮಾಲೀಕ ಇಲ್ಲ, ಸದಸ್ಯರೇ ಮಾಲೀಕರು, ಒಬ್ಬರಿಗೆ ಒಂದು ಮತ. ಸ್ಪೇನಿನಲ್ಲಿ ಫ್ಯಾಸಿಸ್ಟರ ವಿರುದ್ಧ ಹೋರಾಡಿದವರ ಬಾವುಟದ ಬಣ್ಣದಲ್ಲಿ ಒಂದು ಅಂಗಿ ಹೊಲಿಸಿದರು. ಅದನ್ನು ಸಾವಿರಾರು ಜನ ಕೊಂಡರು. 2020ರಲ್ಲಿ ಆ ಜನ ಚುಕ್ಕೆನಾಯಿ ಮೈದಾನವನ್ನೇ ಕೊಂಡು ತಮ್ಮದು ಮಾಡಿಕೊಂಡರು. ವಾಲ್ಟರ್ ಓಡಾಡಿದ ಹುಲ್ಲು ಈಗ ಆ ಬೀದಿಯ ಜನರದು.

ಗೆಳೆಯರೇ, ನಾಳೆಯಿಂದ ಎಲ್ಲರೂ ಪುಸ್ತಕ ಬಿಟ್ಟು ಚೆಂಡು ಹಿಡೀರಿ ಅಂತ ನಾನು ಹೇಳ್ತಿಲ್ಲ. ಓದು ನಮ್ಮ ಉಸಿರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೆಲವು ಕೆಲಸ ನಮ್ಮ ಕೈಲೇ ಇದೆ. 

ನಿಮ್ಮ ಹಾಸ್ಟೆಲ್ಲಿಗೆ ಆಟದ ಸಾಮಾನಿನ ಹಣ ಅಂತ ಬರ್ತದಾ, ಬಂದರೆ ಎಲ್ಲಿ ಹೋಗ್ತದೆ, ಕೇಳಿ. ಚೆಂಡು ಬೀರುವಿನಲ್ಲಿ ಬೀಗ ಹಾಕಿಕೊಂಡು ಕೂತಿದ್ದರೆ ಬೀಗದ ಕೈ ಕೇಳಿ. ಹಾಜರಿಯ ಹೊತ್ತೂ ಆಟದ ಹೊತ್ತೂ ಒಂದೇ ಆಗಿದ್ದರೆ ಒಂದನ್ನು ಬದಲಿಸಿ ಅಂತ ಅರ್ಜಿ ಬರೆಯಿರಿ, ಎಲ್ಲರೂ ಸಹಿ ಹಾಕಿ. ಒಬ್ಬನ ಅರ್ಜಿ ಕಸದ ಬುಟ್ಟಿಗೆ ಹೋಗ್ತದೆ, ಎಂಬತ್ತು ಸಹಿಯ ಅರ್ಜಿ ಅಷ್ಟು ಸುಲಭಕ್ಕೆ ಹೋಗಲ್ಲ. ಹೆಣ್ಣುಮಕ್ಕಳ ಹಾಸ್ಟೆಲ್ಲಿಗೆ ಮೈದಾನವೇ ಇಲ್ಲದಿದ್ದರೆ ಅವರ ಅರ್ಜಿಗೆ ನಾವೂ ಸಹಿ ಹಾಕಬೇಕು.

ಮೈದಾನದಲ್ಲಿ ನಮ್ಮವನೊಬ್ಬನಿಗೆ ಜಾತಿ ಹಿಡಿದು ಬೈದರೆ, ಅವನೊಬ್ಬನೇ ಹಲ್ಲು ಕಚ್ಚಿಕೊಂಡು ಆಡೋ ಹಾಗೆ ಬಿಡಬೇಡಿ. ಬ್ರಿಸ್ಟಲ್‌ನಲ್ಲಿ ವಾಲ್ಟರನ ಪರವಾಗಿ ಬರೆದವನು ಒಬ್ಬ ವರದಿಗಾರ. ನಮ್ಮಲ್ಲಿ ಇಡೀ ತಂಡ ನಿಲ್ಲಬೇಕು. ಬೈದವನ ಹೆಸರು, ದಿನ, ಹೊತ್ತು, ಕೇಳಿದವರು ಯಾರು, ಎಲ್ಲ ಬರೆದುಕೊಂಡು ದೂರು ಕೊಡಬೇಕು. ಅದಕ್ಕೆ ಕಾಯಿದೆ ಇದೆ.

ಇನ್ನೊಂದು, ಒಂದು ನೋಟ್‌ಬುಕ್ ಇಡಿ. ನಿಮ್ಮ ತಂಡದಲ್ಲಿ ಇವತ್ತು ಯಾರು ಯಾರು ಆಡಿದರು, ಯಾರ ಎದುರು, ಎಷ್ಟು ಗೋಲು, ಹೊಡೆದವರು ಯಾರು. ಹೆಸರಿನ ಜೊತೆ ಊರನ್ನೂ ಬರೆಯಿರಿ. ಈಗ ಅದು ನಿಮಗೆ ಮಕ್ಕಳಾಟ ಅನ್ನಿಸಬಹುದು. ಆ ಹೆಸರುಗಳನ್ನು ನಮ್ಮ ಪರವಾಗಿ ಬೇರೆ ಯಾರೂ ಬರೆದಿಡೋದಿಲ್ಲ.

ನನ್ನ ಮಾತು ಮುಗಿಯಿತು. ಈಗ ನೀವು ಮಾತಾಡಿ. ಯಾರ ಹಾಸ್ಟೆಲ್ಲಿನಲ್ಲಿ ಚೆಂಡು ಇದೆ, ಯಾರ ಹಾಸ್ಟೆಲ್ಲಿನಲ್ಲಿ ಇಲ್ಲ, ಅಲ್ಲಿಂದಲೇ ಶುರು ಮಾಡೋಣ.